ಪೆಟ್ಟಿನ ಪಿಚ್ಚರ್

ಮೊನ್ನೆ ಕುಂದಾಪುರದ ಬಸ್ರೂರು ಮೂರುಕೈಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಬಸ್ಸಿಗಿಂತ ಮೊದಲು ಮೈದಾ ಅಂಟಿನ ವಾಸನೆ ಬಂತು. ತಿರುಗಿ ನೋಡಿದರೆ ಒಬ್ಬಾತ ಬಕೆಟ್ ಕೆಳಗಿಟ್ಟುಕೊಂಡು ಗೋಡೆಗೆ ಹೊಸ ಸಿನಿಮಾದ ಪೋಸ್ಟರ್ ಹಚ್ಚುತ್ತಿದ್ದ. ಹೀರೋನ ಕೈಯಲ್ಲಿ ಕೊಡಲಿ, ಕೆನ್ನೆಯ ಮೇಲೆ ನೆತ್ತರು, ಬೆನ್ನ ಹಿಂದೆ ಬೆಂಕಿ, ಬೆಂಕಿಯ ಮೇಲೆ ಯಾವ ಕಾರಣಕ್ಕೋ ಹಾರುತ್ತಿರುವ ಜೀಪು. ಮೇಲಿನ ಮೂಲೆಯಲ್ಲಿ ಗಡ್ಡದ ವಿಲನ್. ಆತ ಬಕೆಟ್ ಎತ್ತಿಕೊಂಡು ಆಚೆ ಹೋದದ್ದೇ ತಡ, ಅಲ್ಲೇ ಹೊಂಚು ಹಾಕಿದ್ದ ದನವೊಂದು ಬಂದು ಕೆಳಗಿನ ಮೂಲೆಯಲ್ಲಿದ್ದ ನಾಯಕಿಯನ್ನು ನೆಕ್ಕಲು ಶುರುಮಾಡಿತು. ನಾಯಕಿಗೆ ಕೊಟ್ಟಿದ್ದ ಜಾಗವೂ ದನದ ಎರಡು ನಾಲಿಗೆಯಷ್ಟೇ ಇತ್ತು ಬಿಡಿ.

ಪಕ್ಕದಲ್ಲಿ ನಿಂತಿದ್ದ ಪರಿಚಯದ ಮೇಷ್ಟ್ರೊಬ್ಬರು ಪೋಸ್ಟರ್ ನೋಡಿ ಮುಖ ಕಿವಿಚಿದರು. "ಕಾಣಿ, ಈಗಿನ್ ಪಿಚ್ಚರ್ ಎಲ್ಲ ಬರೀ ಹೊಡ್ದಾಟ" ಎಂದರು. ನಾನು "ಹೌದು ಮಾಷ್ಟ್ರೆ, ಶೋ ಯಾವತ್ತಿಂದ ಅಂತೆ?" ಎಂದು ಕೇಳಿದೆ. ಅವರು ನನ್ನ ನರೆತ ತಲೆಯನ್ನೊಮ್ಮೆ ನೋಡಿ ಬಸ್ಸು ಬರುವ ಕಡೆ ತಿರುಗಿದರು.

ನನಗೆ ಹೊಡೆದಾಟದ ಸಿನಿಮಾ ಇಷ್ಟ. ಬ್ಯಾಂಕಿನಿಂದ ನಿವೃತ್ತಳಾಗಿ, ಬ್ರಹ್ಮಾವರದ ನಮ್ಮ ಓಣಿಯಲ್ಲಿ ಭಜನೆಗೆ ಕರೆಯುವ ವಯಸ್ಸಿಗೆ ಬಂದ ಮೇಲೂ ಇಷ್ಟ. ಇದನ್ನು ನಾನು ತಲೆ ತಗ್ಗಿಸಿ ಹೇಳುತ್ತಿಲ್ಲ. ಕೆಲವರು ಸಂಕೋಚದಿಂದ "ಟೈಮ್‌ಪಾಸ್‌ಗೆ ನೋಡುತ್ತೇನೆ" ಎನ್ನುವುದುಂಟು. ನಾನು ಅದನ್ನು ಕಲಿಯಬೇಕಾದ ವಿದ್ಯೆಯ ಹಾಗೆ ನೋಡಿದವಳು. ಅದಕ್ಕೆ ನನಗೆ ಗುರುವೂ ಇದ್ದರು. ಅವರು ಉಪ್ಪುಂದದ ನಾಗವೇಣಿ ಅತ್ತೆ, ನನ್ನ ಅಪ್ಪಯ್ಯನ ತಂಗಿ.

ಅತ್ತೆಯ ಲೆಕ್ಕದಲ್ಲಿ ಜಗತ್ತಿನ ಸಿನಿಮಾಗಳಲ್ಲಿ ಎರಡೇ ಜಾತಿ. ಒಂದು ಮರ್ಕುವ ಪಿಚ್ಚರ್, ಇನ್ನೊಂದು ಪೆಟ್ಟಿನ ಪಿಚ್ಚರ್. ಮರ್ಕುವುದು ಎಂದರೆ ನಮ್ಮ ಕಡೆ ಅಳುವುದು. ಒಮ್ಮೆ ಯಾರೋ ಒಳ್ಳೆಯ ಕೌಟುಂಬಿಕ ಚಿತ್ರವೆಂದು ಹೊಗಳಿದ್ದನ್ನು ನಂಬಿ ನಾನು ಕರೆದಾಗ ಅತ್ತೆ ಬರಲೇ ಇಲ್ಲ. "ಮರ್ಕುದ್ ಮನಿಯಗೇ ಇತ್ತಲ್ದಾ ಹೆಣೆ? ಅದಕ್ಕ್ ಟಿಕೇಟ್ ತೆಕ್ಕಂಡ್ ಕುಂದಾಪ್ರಕ್ಕ್ ಹೋಯ್ಕಾ?" ಎಂದು ಹುಲ್ಲಿನ ಹೊರೆ ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ಪೆಟ್ಟು ಎಂಬ ಮಾತನ್ನು ಮಾತ್ರ ಅವರು ರುಚಿ ನೋಡಿ ಆಡುತ್ತಿದ್ದರು. ನಮ್ಮಲ್ಲಿ ಪೆಟ್ಟು ಕೊಡುವುದೂ ಉಂಟು, ಪೆಟ್ಟು ಆಗುವುದೂ ಉಂಟು. ಹೊಡೆದವನ ಕೈಯಲ್ಲಿರುವುದಕ್ಕೂ ಬಿದ್ದವನ ಮೈಮೇಲಿರುವುದಕ್ಕೂ ಒಂದೇ ಶಬ್ದ. ಆಗ ನಾನು ಇದನ್ನು ಯೋಚಿಸಿದವಳಲ್ಲ. ಅತ್ತೆ ಯೋಚಿಸಿದ್ದರೆಂದು ಈಗ ಅನಿಸುತ್ತದೆ.

ಅತ್ತೆಗೆ ಮೊದಲ ಪೆಟ್ಟಿನ ಪಿಚ್ಚರ್ ತೋರಿಸಿದವಳು ನಾನೇ. ಬ್ಯಾಂಕಿನ ಕೆಲಸ ಸಿಕ್ಕಿದ ಹೊಸದು. ಕೈಯಲ್ಲಿ ಸಂಬಳ, ಮೈಯಲ್ಲಿ ಹುರುಪು. ಅದುವರೆಗೆ ಅವರು ನೋಡಿದ್ದು ಮದುವೆಯಾದ ಹೊಸದರಲ್ಲಿ ಮಾವ ತೋರಿಸಿದ್ದ ಒಂದು ದೇವರ ಸಿನಿಮಾ ಮಾತ್ರ. ಆದರೆ ಅವರು ನೋಡದ ಯಕ್ಷಗಾನವಿಲ್ಲ. ಯಕ್ಷಗಾನವನ್ನು ನಮ್ಮಲ್ಲಿ ಆಟ ಎನ್ನುತ್ತಾರೆ. ಸುತ್ತಲಿನ ಯಾವ ಬಯಲಿನಲ್ಲಿ ಆಟವಿದ್ದರೂ ಅತ್ತೆ ಚಾಪೆ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಹಾಜರು. ಹೀಗೆ ಆಟದ ಕಣ್ಣು ಹೊತ್ತುಕೊಂಡೇ ಅವರು ಕುಂದಾಪುರದ ಟಾಕೀಸಿನಲ್ಲಿ, ಉದ್ದ ಹಿಡಿಯ ಕೊಡೆಯನ್ನು ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಕೂತರು.

ಮೊದಲು ಹೀರೋ ಬಂದ. ಗಾಜು ಒಡೆದುಕೊಂಡು ಬಂದು ಹತ್ತು ಜನರ ಜೊತೆ ಕುಣಿದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಪುಂಡುವೇಷ. ಕುಣಿತ ಅಡ್ಡಿಲ್ಲೆ, ಮೈಯಗ್ ಮಾಂಸ ಇಲ್ಲೆ" ಎಂದು ತೀರ್ಪು ಕೊಟ್ಟರು. ಪುಂಡುವೇಷವೆಂದರೆ ಅಭಿಮನ್ಯುವಿನಂಥ ಎಳೆ ವಯಸ್ಸಿನ ವೀರರ ಪಾತ್ರ. ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಹೊಗೆ ಎದ್ದಿತು, ಡೋಲು ಬಡಿಯಿತು, ಸಾಲಾಗಿ ಕಾರುಗಳು ಬಂದು ನಿಂತವು. ಮೊದಲು ಬೂಟು ಕಂಡಿತು, ಆಮೇಲೆ ಉಂಗುರದ ಕೈ, ಕೊನೆಗೆ ಮುಖ. ಅತ್ತೆ ಕೊಡೆಯನ್ನು ನೆಲಕ್ಕೆ ಬಡಿದು ಕೂತಲ್ಲೇ ಅರ್ಧ ಎದ್ದರು.

"ಬಂತ್ ಕಾಣ್ ಹೆಣೆ, ಬಣ್ಣದ ವೇಷ! ಇನ್ನ್ ಆಟಕ್ಕ್ ಕಳೆ ಬಂತ್!"

"ಅತ್ತೆ, ಅವ ವಿಲನ್."

"ವಿಲನ್ ಅಂದ್ರೆ ಎಂತ?"

"ಕೆಟ್ಟವ. ಕಡಿಗೆ ಅವ್ನಿಗೇ ಪೆಟ್ಟ್ ಬೀಳುದ್."

"ಬೀಳ್ಲಿ. ಬಣ್ಣದ ವೇಷಕ್ಕ್ ಕಡಿಗೆ ಪೆಟ್ಟಲ್ದೆ ಹೂವಿನ್ ಮಾಲಿ ಹಾಕ್ತ್ರಾ? ಆರೆ ಅಲ್ಲಿ ತನ್ಕ ಆಟ ಅವಂದೇ."

ಅತ್ತೆಯದು ನಮ್ಮ ಊರಿನವರಷ್ಟೇ ಮಾಡಬಹುದಾದ ತಪ್ಪು. ಆಟದಲ್ಲಿ ಬಣ್ಣದ ವೇಷವೆಂದರೆ ರಾಕ್ಷಸ. ಅವನು ಸುಮ್ಮನೆ ಬರುವುದಿಲ್ಲ. ಇಬ್ಬರು ತೆರೆ ಹಿಡಿಯಬೇಕು, ಚಂಡೆ ಊರಿಗೆಲ್ಲ ಕೇಳಬೇಕು. ತೆರೆಯ ಮೇಲೆ ಮೊದಲು ಕಿರೀಟದ ತುದಿ, ಕೆಳಗೆ ಪಾದ, ಹೀಗೆ ಚೂರು ಚೂರಾಗಿ ಕಾಣಿಸಿಕೊಂಡು ಕೊನೆಗೆ ಮುಖ ತೋರಿಸಬೇಕು. ಅಷ್ಟು ಗೌರವದಿಂದ ಬಂದವನನ್ನು ಕಂಡು ಇವನೇ ದೊಡ್ಡ ವೇಷ ಎಂದುಕೊಳ್ಳದೆ ಇನ್ನೇನು ಮಾಡುತ್ತಾರೆ? ಇಂಟರ್‌ವಲ್ ತನಕ ಅತ್ತೆ ವಿಲನ್ನಿನ ಕಡೆಗಿದ್ದರು. ಹಿಂದಿನ ಸಾಲಿನವರು ನಕ್ಕರು. ನನಗೆ ಆಗ ಸ್ವಲ್ಪ ಮುಜುಗರವಾಯಿತು, ನಿಜ. ಆದರೆ ಮುಂದಿನ ವಾರ ಅದೇ ಸಿನಿಮಾಕ್ಕೆ ಗೆಳತಿಯರ ಜೊತೆ ಹೋದಾಗ ನಾನೂ ಬೂಟು, ಉಂಗುರ, ಮುಖ ಎಂದು ಕಾಯುತ್ತಾ ಕೂತಿದ್ದೆ.

ಅಲ್ಲಿಂದ ನಮ್ಮ ಜೋಡಿ ಶುರುವಾಯಿತು. ಹೊಸ ಪೆಟ್ಟಿನ ಪಿಚ್ಚರ್ ಬಂದರೆ ಮಧ್ಯಾಹ್ನದ ಆಟಕ್ಕೆ ಉಪ್ಪುಂದದಿಂದ ಅತ್ತೆ, ಬ್ರಹ್ಮಾವರದಿಂದ ನಾನು. ಅತ್ತೆ ಸೆರಗಿನಲ್ಲಿ ನೆಲಗಡಲೆ ಪೊಟ್ಟಣ ತರುತ್ತಿದ್ದರು. ಅದನ್ನು ಕೇಳಿದಾಗ ಕೊಡುವ ಪದ್ಧತಿಯಿಲ್ಲ. ಬಿದ್ದ ಹೀರೋ ಎದ್ದು ನಿಂತಾಗ ಮಾತ್ರ ನನ್ನ ಕೈಗೊಂದು ಮುಷ್ಟಿ ಬೀಳುತ್ತಿತ್ತು. "ಗೆದ್ದವ್ರ್ ಕಡಿಯವ್ರಿಗ್" ಎನ್ನುತ್ತಿದ್ದರು. ಕೆಲವು ಸಿನಿಮಾಗಳಲ್ಲಿ ಹೀರೋ ಏಳಲು ತಡಮಾಡಿ ನಾನು ಹಸಿದು ಕಂಗಾಲಾದದ್ದುಂಟು.

ಪೆಟ್ಟಿನ ಪಿಚ್ಚರಿಗೆ ತಲೆಬುಡವಿಲ್ಲ ಎನ್ನುವವರು ಅತ್ತೆಯ ಪಕ್ಕ ಕೂತು ನೋಡಬೇಕಿತ್ತು. ಹೀರೋನ ಸುತ್ತ ಇಪ್ಪತ್ತು ರೌಡಿಗಳು ನಿಂತಿರುತ್ತಾರಲ್ಲ, ಎಲ್ಲರೂ ಒಟ್ಟಿಗೆ ಮೇಲೆ ಬಿದ್ದರೆ ಕಥೆ ಅಲ್ಲೇ ಮುಗಿಯುತ್ತದೆ. ಆದರೆ ಅವರು ಮದುವೆ ಊಟದ ಎರಡನೇ ಪಂಕ್ತಿಗೆ ಕಾಯುವವರ ಹಾಗೆ, ಮುಂದಿನವನದು ಮುಗಿಯುವ ತನಕ ಹಿಂದೆ ನಿಂತು ಕೈ ಹೊಸಕಿಕೊಳ್ಳುತ್ತಾರೆ. ನಾನು ನಕ್ಕರೆ ಅತ್ತೆ, "ನೆಗಾಡ್ಬೇಡ. ಪಾಪ, ಮರ್ಯಾದಿಯವ್ರ್. ಒಬ್ಬೊಬ್ರೇ ಬತ್ರ್" ಎನ್ನುವರು. ಪೇಟೆಯಲ್ಲಿ ಹೊಡೆದಾಟವಾದರೆ ತರಕಾರಿ ಗಾಡಿ ಮಗುಚಲೇಬೇಕು. ಇದೊಂದು ಮಾತ್ರ ಅತ್ತೆಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. "ಅಷ್ಟ್ ಬದನಿಕಾಯಿ! ಹೆಕ್ಕುಕೆ ಒಬ್ರೂ ಇಲ್ಯಾ?" ಎಂದು ಗೋಳಾಡುವಾಗ ಅಲ್ಲಿ ಹೀರೋ ಯಾರನ್ನು ಹೊಡೆದನೆಂಬುದೇ ಅವರಿಗೆ ತಪ್ಪಿಹೋಗುತ್ತಿತ್ತು.

ಇನ್ನು ವಿಲನ್ನಿನ ಭಾಷಣ. ಹೀರೋನನ್ನು ಕಂಬಕ್ಕೆ ಕಟ್ಟಿದ ಮೇಲೆ ಪಿಸ್ತೂಲು ಕೈಯಲ್ಲಿದ್ದರೂ ವಿಲನ್ ಅವನನ್ನು ಕೊಲ್ಲುವುದಿಲ್ಲ. ತಾನು ಏಕೆ ಕೆಟ್ಟವನಾದೆ, ಮುಂದೆ ಏನೇನು ಮಾಡಲಿದ್ದೇನೆ ಎಲ್ಲವನ್ನೂ ಸಾವಕಾಶವಾಗಿ ವಿವರಿಸುತ್ತಾನೆ. ತಿಳಿದವರು ನಗುವುದು ಇಲ್ಲೇ. ಅತ್ತೆ ಮಾತ್ರ ಈ ಜಾಗ ಬಂದರೆ ಕಿವಿಯ ಮೇಲಿನ ಸೆರಗು ಸರಿಸಿ ಕೇಳುವರು. ಆಟದಲ್ಲಿ ವೇಷಧಾರಿಗಳು ಆಡುವ ಮಾತಿಗೆ ಅರ್ಥ ಎನ್ನುತ್ತಾರೆ. ಯುದ್ಧಕ್ಕೆ ಮೊದಲು ಇಬ್ಬರೂ ಅರ್ಥ ಹೇಳಲೇಬೇಕು. "ಅರ್ಥ ಹೇಳ್ದೆ ಬಾಣ ಬಿಟ್ರೆ ಅದ್ ಯುದ್ಧ ಅಲ್ಲ, ಬೇಟಿ" ಎಂಬುದು ಅತ್ತೆಯ ಮಾತು.

ಅತ್ತೆಯ ಶಾಸ್ತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದು. ಹೀರೋ ಮೊದಲು ಪೆಟ್ಟು ತಿನ್ನಬೇಕು. "ತಿನ್ನದೆ ಕೊಟ್ರೆ ಅವ ರೌಡಿ. ತಿಂದ್ ಕೊಟ್ರೆ ಹೀರೋ." ನೀವೂ ಗಮನಿಸಿರಬಹುದು, ಬಿದ್ದ ಹೀರೋ ಏಳುವ ಮೊದಲು ತುಟಿಯ ತುದಿಯನ್ನು ಹೆಬ್ಬೆರಳಿನಿಂದ ಒರೆಸಿಕೊಳ್ಳುತ್ತಾನೆ. ಆ ಹೆಬ್ಬೆರಳನ್ನು ಒಮ್ಮೆ ನೋಡುತ್ತಾನೆ. ಅಲ್ಲಿ ನೆತ್ತರಿರುತ್ತದೆ. ಸಂಗೀತ ನಿಂತು ಟಾಕೀಸು ಗಪ್‌ಚಿಪ್ಪಾಗುತ್ತದೆ. ಆಗ ಅತ್ತೆ ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ನನ್ನ ಕಿವಿಯಲ್ಲಿ, "ಹೆಬ್ಬೆಟ್ಟ್ ಕಂಡ. ಇನ್ನ್ ಏಳ್ತ" ಎನ್ನುವರು. ಅವನು ಏಳುವನು. ಕೊಡೆ ನೆಲಕ್ಕೆ ಬಡಿಯುವುದು. ನನಗೆ ಕಡಲೆ ಸಿಗುವುದು.

ಕೊನೆ ಗೊತ್ತಿದ್ದೂ ಯಾಕೆ ನೋಡುತ್ತೀರಿ ಎಂದು ಕೇಳುವವರಿದ್ದಾರೆ. ನಾಳೆ ಬೆಳಿಗ್ಗೆ ಗಂಜಿಯೇ ಎಂದು ಗೊತ್ತಿದ್ದರೂ ಹಸಿವು ಸುಮ್ಮನಿರುತ್ತದೆಯೇ? ಹೀರೋ ಗೆಲ್ಲುತ್ತಾನೆಂಬುದು ನನಗೆ ಗೊತ್ತು, ದಾರಿಯಲ್ಲಿದ್ದ ಆ ದನಕ್ಕೂ ಗೊತ್ತು. ನಾನು ಹೋಗುವುದು ಅವನು ಗೆಲ್ಲುವುದನ್ನು ನೋಡಲಿಕ್ಕಲ್ಲ, ಏಳುವುದನ್ನು ನೋಡಲಿಕ್ಕೆ. ನೆಲಕ್ಕೆ ಬಿದ್ದವನು ಎದ್ದೇ ಏಳುತ್ತಾನೆಂದು ಬಾಗಿಲಲ್ಲೇ ಟಿಕೆಟ್ ಹರಿದು ಭರವಸೆ ಕೊಡುವ ಜಾಗ ಬೇರೆ ಎಲ್ಲಿದೆ ಹೇಳಿ. ಬ್ಯಾಂಕಿನಲ್ಲಂತೂ ಇರಲಿಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅತ್ತೆ ಚಿಕ್ಕವರಿದ್ದಾಗ ಒಂದು ಬೆಳಿಗ್ಗೆ, ಆಟ ಮುಗಿದ ಮೇಲೆ, ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯೊಳಗೆ ಇಣುಕಿದರಂತೆ. ರಾತ್ರಿಯಿಡೀ ತಮ್ಮನ್ನು ನಡುಗಿಸಿದ ರಾಕ್ಷಸನೂ ಅವನನ್ನು ಕೊಂದ ದೇವರೂ ಒಂದೇ ಚಾಪೆಯಲ್ಲಿ ಕೂತು ಒಂದೇ ಬಾಟಲಿಯ ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ಒರೆಸುತ್ತಿದ್ದರಂತೆ. ರಾಕ್ಷಸನ ಕಿವಿಯ ಹಿಂದೆ ಉಳಿದ ಬಣ್ಣವನ್ನು ದೇವರೇ ಒರೆಸಿಕೊಟ್ಟನಂತೆ. ಅದನ್ನು ಕಂಡ ಮೇಲೆ ಯಾರ ಮೇಲೂ ಪೂರ್ತಿ ದ್ವೇಷ ಕಟ್ಟಿಕೊಳ್ಳಲು ತನ್ನಿಂದ ಆಗಿಲ್ಲ ಎಂದು ಅತ್ತೆ ಹೇಳುತ್ತಿದ್ದರು. "ಚೌಕಿಯಗ್ ಎಣ್ಣಿ ಒಂದೇ ಹೆಣೆ."

ನಿಜವಾದ ಬದುಕಿನಲ್ಲಿ ಒಂದು ತೊಂದರೆಯಿದೆ. ಬಣ್ಣದ ವೇಷ ಬಂದರೂ ಚಂಡೆ ಬಡಿಯುವುದಿಲ್ಲ. ನಮ್ಮ ಅತ್ತೆಯ ಬದುಕಿಗೆ ಅದು ಬಿಳಿ ಅಂಗಿ ಹಾಕಿಕೊಂಡು, ನಗುತ್ತಾ, ಗೃಹಪ್ರವೇಶದ ಕರೆಯೋಲೆ ಹಿಡಿದುಕೊಂಡು ಬಂತು. ಹೆಸರು ಕರುಣಾಕರ. ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ದುಡಿದು, ಕೊನೆಗೆ ಸ್ವಂತ ಹೋಟೆಲ್ ಮಾಡಿ, ಅದನ್ನು ಮಕ್ಕಳಿಗೆ ಬಿಟ್ಟು ಊರಿಗೆ ಮರಳಿದವನು. ಅತ್ತೆಗಿಂತ ಕಿರಿಯ, ನನಗೆ ಕರುಣಾಕರಣ್ಣ. ಹೆದ್ದಾರಿ ಅಗಲವಾದ ಮೇಲೆ ಅದರ ಬದಿಯ ತನ್ನ ಜಾಗದಲ್ಲಿ ಮಾಳಿಗೆ ಮನೆ ಕಟ್ಟಿಸಿದ, ಸುತ್ತ ಕಂಪೌಂಡು ಎಬ್ಬಿಸಿದ, ಎದುರಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದ.

ಅತ್ತೆಯ ಮನೆ ಅವನ ಜಾಗದ ಹಿಂದೆ, ಗದ್ದೆಯ ಆಚೆ. ಅವನ ಜಾಗ ಪಾಳು ಬಿದ್ದಿದ್ದ ಕಾಲದಿಂದಲೂ ಅದರ ಅಂಚಿನಲ್ಲಿ ಒಂದು ಮಣ್ಣಿನ ದಾರಿಯಿತ್ತು, ರಿಕ್ಷಾ ಹೋಗುವಷ್ಟು ಅಗಲ. ಅದು ಎಲ್ಲರೂ ನಡೆದು ಆದ ದಾರಿಯೇ ಹೊರತು ಯಾವ ಕಾಗದದಲ್ಲೂ ದಾರಿಯಾಗಿರಲಿಲ್ಲ. ಈಗ ಗೇಟಿನ ಒಳಗೆ ಸೇರಿತು. ಅತ್ತೆಗೆ ಉಳಿದದ್ದು ಗದ್ದೆಯ ಅಂಚು, ಒಬ್ಬರ ಹಿಂದೆ ಒಬ್ಬರು ನಡೆಯುವ ಅಂಚು. ಅತ್ತೆಯೇನೋ ನಡೆದಾರು. ಆದರೆ ಆ ವರ್ಷ ಬೇಸಿಗೆಯ ಕೊನೆಗೆ ಮಾವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ವಾರ ತಪ್ಪಿಸದೆ ಕುಂದಾಪುರಕ್ಕೆ ಕರೆತಂದು ವ್ಯಾಯಾಮ ಮಾಡಿಸಿದರೆ ಎದ್ದು ನಡೆದಾರು, ತಪ್ಪಿಸಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದರು. ಅಂದರೆ ರಿಕ್ಷಾ ಮನೆಬಾಗಿಲಿಗೆ ಬಂದರೆ ಮಾವ ನಡೆಯುತ್ತಾರೆ, ಬಾರದಿದ್ದರೆ ಇಲ್ಲ. ವಿಷಯ ಅಷ್ಟೇ.

ಅತ್ತೆ ರಸ್ತೆಯಲ್ಲಿ ಕಂಡಾಗ ಕರುಣಾಕರಣ್ಣನನ್ನು ಕೇಳಿದರು. "ಇವತ್ತ್ ರಿಕ್ಷಾ ಅಂಬ್ರಿ, ನಾಳೆ ಲಾರಿ ಬತ್ತ್. ಅದೆಲ್ಲ ಆಪುದಲ್ಲ ನಾಗ್ವೇಣಕ್ಕ. ಬೇಕಾರೆ ಕೋರ್ಟಿಗ್ ಹೋಯ್ನಿ" ಎಂದು ಅವನು ಸ್ಕೂಟರ್ ಹತ್ತಿಕೊಂಡು ಹೋದ.

ಮಳೆ ಹಿಡಿಯಿತು. ಆಸ್ಪತ್ರೆಯ ದಿನ ಬಂತು. ನನ್ನ ತಮ್ಮ ಸುರೇಂದ್ರ, ರಿಕ್ಷಾದವನು, ನೆರೆಮನೆಯ ಇಬ್ಬರು ಸೇರಿ ಮಾವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಗದ್ದೆ ಅಂಚಿನ ಮೇಲೆ ಹೊರಟರು. ನಾಲ್ವರಿಗೆ ಎಲ್ಲಿ ಜಾಗ? ಇಬ್ಬರು ಗದ್ದೆಯ ಕೆಸರಿಗೇ ಇಳಿದರು. ನಾನು ಹಿಂದಿನಿಂದ ಮಾವನ ತಲೆಗೆ ಕೊಡೆ ಹಿಡಿಯುತ್ತಿದ್ದೆ, ಅತ್ತೆ ಮುಂದಿನಿಂದ ಅವರ ಬಿದ್ದ ಕಾಲನ್ನು ಎತ್ತಿ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದರು. ನಡುವೆ ಒಬ್ಬನ ಕಾಲು ಜಾರಿತು. ಕುರ್ಚಿ ವಾಲಿ ಮಾವನ ಕಾಲು ಗದ್ದೆಗೆ ಬಿತ್ತು, ಕೆಸರು ಎಲ್ಲರ ಮುಖಕ್ಕೆ ಹಾರಿತು. ಮಾವ ಬೀಳಲಿಲ್ಲ. ಆದರೆ ಊರಿಗೆ ನ್ಯಾಯ ಹೇಳುತ್ತಿದ್ದ ಮನುಷ್ಯ ತಲೆ ತಗ್ಗಿಸಿ, ತೊದಲುವ ನಾಲಿಗೆಯಲ್ಲಿ, "ನನ್ನ್ ಬಿಟ್ಬಿಡಿ... ಆಸ್ಪತ್ರಿ ಬ್ಯಾಡ" ಎಂದರು. ಹೊತ್ತವರು ಕುರ್ಚಿಯನ್ನು ಮತ್ತೆ ನೇರ ಮಾಡಿದರು. ಬದಿಯ ಮಾಳಿಗೆ ಮನೆ ಮಳೆಯಲ್ಲಿ ಮಸುಕಾಗಿ ಕಾಣುತ್ತಿತ್ತು.

ಅತ್ತೆ ಮಾವನ ಕಾಲನ್ನು ಕೆಸರಿನಿಂದ ಎತ್ತಿ ತಮ್ಮ ಸೊಂಟಕ್ಕೆ ಆನಿಸಿಕೊಂಡರು. ಒಂದು ಕೈ ಬಿಡುವಾಯಿತು. ಆ ಕೈಯ ಹೆಬ್ಬೆರಳಿನಿಂದ ತುಟಿಯ ಬದಿಯ ಕೆಸರನ್ನು ಒರೆಸಿಕೊಂಡರು. ಆಮೇಲೆ ಆ ಹೆಬ್ಬೆರಳನ್ನು ನೋಡಿದರು.

ಅಷ್ಟು ವರ್ಷ ಪಕ್ಕದಲ್ಲಿ ಕೂತು ಕಲಿತವಳಿಗೆ ಇದು ಗೊತ್ತಾಗುವುದಿಲ್ಲವೇ? ಇನ್ನು ಏಳುತ್ತಾರೆ ಎಂದುಕೊಂಡೆ.

ಅಂದು ಆಸ್ಪತ್ರೆಯಿಂದ ಮರಳಿದ ಮೇಲೆ ಸುರೇಂದ್ರ ಕೊತಕೊತ ಕುದಿಯುತ್ತಿದ್ದ. ಗೆಳೆಯರನ್ನು ಕಟ್ಟಿಕೊಂಡು ನಾಲ್ಕೈದು ಬೈಕಿನಲ್ಲಿ ಹೋಗಿ ಗೇಟನ್ನು ಕಿತ್ತು ಬಿಸಾಡುವುದು ಅವನ ಯೋಜನೆ. ಅತ್ತೆ ಮಾವನಿಗೆ ಗಂಜಿ ಕುಡಿಸುತ್ತಿದ್ದವರು ಚಮಚ ಕೆಳಗಿಟ್ಟರು.

"ಸುರೇಂದ್ರ, ನೀನ್ ಪೆಟ್ಟಿನ್ ಪಿಚ್ಚರ್ ಕಾಂತ್ಯಾ ಇಲ್ಯಾ?"

"ಕಾಂತೆ ಅತ್ತೆ. ಎಂತಕೆ?"

"ಗುಂಪ್ ಕಟ್ಕಂಡ್ ಬಪ್ಪುದ್ ಯಾರ್?"

ಉತ್ತರವನ್ನೂ ಅತ್ತೆಯೇ ಕೊಟ್ಟರು.

"ವಿಲನ್. ಗುಂಪ್ ಕಟ್ಕಂಡ್ ಬಂದವ ಗೆದ್ದದ್ದ್ ನಾ ಒಂದ್ ಪಿಚ್ಚರಗೂ ಕಾಣ್ಲಿಲ್ಲ. ನಾನ್ ಒಬ್ಳೇ ಹೋತೆ." ಆಮೇಲೆ ನನ್ನ ಕಡೆ ತಿರುಗಿ, "ನೀನ್ ಬಾ. ಹಿಮ್ಮೇಳ ಬೇಕಲ್ದಾ?" ಎಂದರು.

ಆ ಭಾನುವಾರ ಮಳೆ ಬಿಟ್ಟಿತ್ತು. ಅತ್ತೆ ಮದುವೆಗೆ ಉಡುವ ಸೀರೆ ಉಟ್ಟು, ಮುಡಿಗೆ ಅಬ್ಬಲಿಗೆ ಹೂ ಮುಡಿದು, ಕೊಡೆ ಹಿಡಿದು ಹೊರಟರು. ಅವರ ನಡಿಗೆ ಸ್ವಭಾವತಃ ಓಟ. ಅಂದು ಮಾತ್ರ ಒಂದೊಂದೇ ಹೆಜ್ಜೆ. ಸಿನಿಮಾದವರು ಇದಕ್ಕೆ ಸ್ಲೋ ಮೋಷನ್ ಎನ್ನುತ್ತಾರೆ. ಹಿಂದೆ ನಡೆಯುತ್ತಿದ್ದ ನನಗೆ ಒಳಗೊಳಗೆ ಡೋಲು ಕೇಳುತ್ತಿತ್ತು. ಅತ್ತೆ ಗೇಟಿನ ಮುಂದೆ ನಿಂತು, ಕರೆಗಂಟೆಯನ್ನು ಕಣ್ಣೆತ್ತಿಯೂ ನೋಡದೆ, ಕೊಡೆಯ ಹಿಡಿಯಿಂದ ಕಬ್ಬಿಣಕ್ಕೆ ಬಡಿದರು. "ಹ್ವಾಯ್, ಕರ್ಣಾಕರ!"

ಕರುಣಾಕರಣ್ಣ ಬಂದು ಬೀಗ ತೆಗೆದ. ಜಗಳವಿದ್ದರೂ ಮನೆಗೆ ಬಂದವರಿಗೆ ಬಾಯಾರಿಕೆ ಕೇಳದೆ ಇರುವ ಹಾಗಿಲ್ಲವಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿ, "ಆಸ್ರಿಗ್ ಎಂತ ಅಕ್ಕ್?" ಎಂದ.

"ಮಾತ್ ಮುಗಿಲಿ, ಮತ್ತೆ ಕುಡಿತೆ. ಕರ್ಣಾಕರ, ನೀನ್ ಮೊದ್ಲ್ ಹೇಳ್. ಗೇಟ್ ಎಂತಕ್ ಹಾಕ್ದೆ, ಎಲ್ಲ ಹೇಳ್. ನಾ ಮಧ್ಯ ಬಾಯಿ ಹಾಕುದಿಲ್ಲ."

ಇದಕ್ಕೆ ಅವನು ಸಿದ್ಧನಿರಲಿಲ್ಲ. ಕೂಗಾಟಕ್ಕೆ ಉತ್ತರ ಸಿದ್ಧವಿತ್ತೇನೋ. ಮೊದಲು ಕಸ ಎಸೆಯುತ್ತಾರೆ, ದನ ನುಗ್ಗುತ್ತದೆ ಎಂದೆಲ್ಲ ಹೇಳಿದ. ಅತ್ತೆ ಹ್ಞೂಂ ಎಂದರು. ಅವನು ಇನ್ನೂ ಹೇಳಿದ. ಅತ್ತೆ ಕಿವಿಯ ಮೇಲಿನ ಸೆರಗು ಸರಿಸಿದರು. ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು.

"ನಾಗ್ವೇಣಕ್ಕ, ಬೊಂಬಾಯಗ್ ನಾವ್ ಹೋಟ್ಲ್ ಒಳ್ಗೇ ಮನಿಕಂಬುದ್, ಮೇಜಿನ್ ಅಡಿಯಗ್. ಸೇಠ್ ಶಟರ್ ಎಳ್ದ್, ಹೊರ್ಗಿಂದ ಬೀಗ ಹಾಕಿ ಹೋಪವ. ಬೆಳಿಗ್ಗೆ ಅವ ಬಂದ್ ತೆಗುತನ್ಕ ನಾವ್ ಒಳ್ಗೆ. ಜ್ವರ ಬಂದ್ರೂ ಒಳ್ಗೆ, ಊರಗ್ ಹೆತ್ತ್ ಅಬ್ಬಿ ಸತ್ಲ್ ಅಂದೇಳಿ ಸುದ್ದಿ ಬಂದ ದಿನವೂ ಒಳ್ಗೆ. ಕೀ ಯಾವತ್ತೂ ಬೇರೆಯವ್ರ್ ಕೈಯಗ್. ನಂಗೆ ಒಂದೇ ಆಸೆ ಇದ್ದಿತ್ತ್. ಊರಗ್ ಒಂದ್ ಗೇಟ್ ಹಾಕ್ಕ್, ಅದ್ರ್ ಕೀ ನನ್ನ್ ಕಿಸಿಯಗ್ ಇರ್ಕ್. ಅಷ್ಟೇ."

ನನಗೆ, ನಿಜ ಹೇಳುತ್ತೇನೆ, ಅವನ ಮೇಲೆ ಕಟ್ಟಿಕೊಂಡು ಹೋಗಿದ್ದ ಸಿಟ್ಟೆಲ್ಲ ಎಲ್ಲಿ ಸೋರಿಹೋಯಿತೋ ತಿಳಿಯಲಿಲ್ಲ. ಅತ್ತೆ ಗೇಟಿನ ಕಡೆ ತಿರುಗಿ ನೋಡಿದರು, ಮೇಲಿಂದ ಕೆಳಗೆ, ಮೊದಲ ಸಿನಿಮಾದ ಹೀರೋನನ್ನು ನೋಡಿದ ಹಾಗೆ.

"ಗೇಟ್ ಲಾಯ್ಕಿತ್ತ್ ಕರ್ಣಾಕರ. ತೆಗಿ ಅಂದೇಳಿ ಹೇಳುಕ್ ನಾ ಬರ್ಲಿಲ್ಲ. ಬೀಗವೂ ಇರ್ಲಿ. ಬೀಗದ್ ಒಟ್ಟಿಗ್ ಅಂಗ್ಡಿಯವ ಕೀ ಎಷ್ಟ್ ಕೊಟ್ಟ?"

"ಎರಡ್."

"ಒಂದ್ ನಿನ್ ಕಿಸಿಯಗ್ ಇರ್ಲಿ" ಎಂದು ಅತ್ತೆ ಸುಮ್ಮನಾದರು.

ಮಾತು ಅಷ್ಟೇ. ಅದಕ್ಕಿಂತ ದೊಡ್ಡ ಪೆಟ್ಟನ್ನು ನಾನು ಯಾವ ಪರದೆಯ ಮೇಲೂ ನೋಡಿಲ್ಲ. ಕರುಣಾಕರಣ್ಣ ಅತ್ತೆಯ ಮುಖವನ್ನೇ ನೋಡಿದ. ಆಮೇಲೆ ಒಳಗೆ ಹೋಗಿ ಹುಡುಕಲಿಲ್ಲ, ಕೀಗೊಂಚಲು ಬಿಚ್ಚಲಿಲ್ಲ. ಅಂಗಿಯ ಮೇಲುಕಿಸೆಗೆ ಕೈಹಾಕಿ, ಕೆಂಪು ನೂಲು ಕಟ್ಟಿದ ಒಂಟಿ ಕೀ ತೆಗೆದು ಅತ್ತೆಯ ಅಂಗೈಯಲ್ಲಿಟ್ಟ. ಅತ್ತೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, "ಇನ್ನ್ ಆಸ್ರಿಗ್ ಕೊಡ್" ಎಂದರು. ಅವನೇ ಒಳಗೆ ಹೋಗಿ ಚಹಾ ಮಾಡಿ ತಂದ. ಹೋಟೆಲಿನವನ ಕೈಯ ಚಹಾ, ಏನು ಹೇಳಲಿ, ಅಷ್ಟು ಚೆನ್ನಾಗಿತ್ತು.

ಮುಂದಿನದನ್ನು ಉದ್ದ ಮಾಡುವುದಿಲ್ಲ. ರಿಕ್ಷಾ ಬಂತು, ವಾರ ತಪ್ಪಲಿಲ್ಲ, ನವರಾತ್ರಿಯ ಹೊತ್ತಿಗೆ ಮಾವ ಗೋಡೆ ಹಿಡಿದು ನಿಂತರು. ಆಮೇಲೆ ಕೋಲು ಹಿಡಿದು ನಡೆಯುವ ಅಭ್ಯಾಸ ಮಾಡಿದ್ದು ಕರುಣಾಕರಣ್ಣನ ಅಂಗಳದಲ್ಲೇ, ಅಲ್ಲಿ ಕಲ್ಲು ಹಾಸಿ ಸಮವಾಗಿತ್ತೆಂದು. ವರ್ಷಗಳ ನಂತರ ಮಾವ ತೀರಿಕೊಂಡ ದಿನ ಆ ಗೇಟನ್ನು ಪೂರ್ತಿ ತೆರೆದು, ಎಲ್ಲರೂ ದಾಟುವ ತನಕ ಕೈಯಲ್ಲಿ ಹಿಡಿದುಕೊಂಡು ನಿಂತವನು ಅವನೇ. ನಡುವೆ ಯಾವಾಗಲೋ ಅತ್ತೆ ಅವನನ್ನು ಪೆಟ್ಟಿನ ಪಿಚ್ಚರಿಗೂ ಎಳೆದುಕೊಂಡು ಬಂದರು. ನೀನು ನಮ್ಮ ಕಥೆಯ ಬಣ್ಣದ ವೇಷ ಎಂದು ಅವನ ಮುಖಕ್ಕೇ ಹೇಳಿದರು. ಅವನಿಗೆ ಅದು ಪ್ರಶಸ್ತಿ ಬಂದ ಹಾಗಾಯಿತು.

ಮೂರುಕೈಯಲ್ಲಿ ನಿಂತೇ ಅತ್ತೆಗೆ ಫೋನ್ ಮಾಡಿದೆ. ಈಗ ಅವರ ಕಣ್ಣು ಮಂಜು. ಒಂದರ ಪೊರೆ ತೆಗೆಸಿಯಾಗಿದೆ, ಇನ್ನೊಂದಕ್ಕೆ ಒಪ್ಪುತ್ತಿಲ್ಲ. ಹೊಸ ಪಿಚ್ಚರ್ ಬಂದಿದೆ ಎಂದೆ. "ಬಣ್ಣದ ವೇಷ ಹ್ಯಾಂಗಿತ್ತ್?" ಎಂದರು. ಗೋಡೆಯ ಕಡೆ ನೋಡಿದೆ. ದನ ಅಷ್ಟರಲ್ಲಿ ನಾಯಕಿಯನ್ನು ಮುಗಿಸಿ ಹೀರೋನ ಮೊಣಕಾಲಿಗೆ ಬಂದಿತ್ತು. ಮೇಲಿನ ಮೂಲೆಯ ಗಡ್ಡದವನು ಮಾತ್ರ ಕ್ಷೇಮವಾಗಿದ್ದ. "ಲಾಯ್ಕಿತ್ತ್ ಅತ್ತೆ" ಎಂದೆ. ಆ ಕಡೆ ಫೋನು ಕೈ ಬದಲಾಯಿತು. "ಹಲೋ, ಬಣ್ಣದ ವೇಷ ಮಾತಾಡುದ್. ಎಷ್ಟ್ ಗಂಟಿಗ್ ಆಟ?" ಎಂದ ಕರುಣಾಕರಣ್ಣ.

ನಿನ್ನೆ ಮಧ್ಯಾಹ್ನ ಅವನ ಕಾರಿನಲ್ಲಿ ಇಬ್ಬರೂ ಬಂದರು. ಅತ್ತೆ ನಡುವೆ, ಆಚೆ ಅವನು, ಈಚೆ ನಾನು. ಎಲ್ಲ ಪದ್ಧತಿಯ ಪ್ರಕಾರ ನಡೆಯಿತು. ಬೂಟು, ಉಂಗುರ, ಮುಖ. ತರಕಾರಿ ಗಾಡಿ ಮಗುಚಿತು, ಅತ್ತೆಗೆ ಕಾಣಿಸದಿದ್ದರೂ ಸದ್ದಿನಿಂದಲೇ ಗೊತ್ತಾಗಿ "ಅಯ್ಯೋ" ಎಂದರು. ಕೊನೆಗೆ ಹೀರೋ ಪೆಟ್ಟು ತಿಂದು ಕೆಸರಿನಲ್ಲಿ ಬಿದ್ದ. ಟಾಕೀಸು ಗಪ್‌ಚಿಪ್.

"ಎದ್ನಾ?" ಅತ್ತೆ ಕತ್ತಲಲ್ಲಿ ಕೇಳಿದರು.

"ಇಲ್ಲ ಅಕ್ಕ. ಬಾಯಿ ಒರ್ಸ್ಕಂಡ" ಎಂದ ಕರುಣಾಕರಣ್ಣ. "ಹೆಬ್ಬೆಟ್ಟ್ ಕಾಂತಿದ್ದ."

"ಹಾಂಗಾರೆ ಏಳ್ತ" ಎಂದು ಅತ್ತೆ ಕೊಡೆಯನ್ನು ಬಿಗಿಯಾಗಿ ಹಿಡಿದರು.

ಆಗ ಅವನು ಅತ್ತೆಯ ಬೆನ್ನ ಹಿಂದಿನಿಂದ ನನ್ನ ಕಡೆ ಬಾಗಿ ಪಿಸುಮಾತಿನಲ್ಲಿ ಹೇಳಿದ. "ಅವತ್ತ್ ಮಳೆಯಗ್ ಗದ್ದಿ ಅಂಚಿನ್ ಮೇಲೆ ಅಕ್ಕ ಹೀಂಗೇ ಹೆಬ್ಬೆಟ್ಟ್ ಕಂಡದ್ದ್ ನಾನ್ ಮಾಳ್ಗಿ ಮೇಲಿಂದ ಕಂಡಿದೆ. ಅವತ್ತೇ ಇನ್ನೊಂದ್ ಕೀ ಹುಡ್ಕಿ, ನೂಲ್ ಕಟ್ಟಿ ಕಿಸಿಯಗ್ ಹಾಕ್ಕಂಡೆ. ತಂದ್ ಕೊಡುಕ್ ಮರ್ಯಾದಿ ಅಡ್ಡ ಬಂತ್. ಅಕ್ಕ ಬಂದ್ರ್, ಬಚಾವಾದೆ."

ಪರದೆಯ ಮೇಲೆ ಹೀರೋ ಎದ್ದ. ಡೋಲು ಬಡಿಯಿತು, ಕೊಡೆ ನೆಲಕ್ಕೆ ಬಡಿಯಿತು, ಅತ್ತೆ ಸೆರಗಿನ ಪೊಟ್ಟಣದಿಂದ ಒಂದು ಮುಷ್ಟಿ ಕಡಲೆಯನ್ನು ನನ್ನ ಕೈಗೆ ಹಾಕಿದರು. ಆ ಹೊಡೆದಾಟವನ್ನು ನಾನು ನೋಡಲಿಲ್ಲ. ಅತ್ತೆಯ ಬೆನ್ನ ಹಿಂದಿನಿಂದ ಕೈ ಚಾಚಿ ಕಡಲೆಯನ್ನೆಲ್ಲ ಕರುಣಾಕರಣ್ಣನ ಅಂಗೈಗೆ ಸುರಿದೆ.